ಒತ್ತೋ ಗುಂಡಿ, ಎಳಿಯೋ ರೊಟ್ಟಿ

ನಾನು ಫೋನಿನಾಗ ಕಲಿಯೋ ಪಾಠ ತಯಾರ ಮಾಡಾಕಿ. ವಾರಕ್ಕ ಒಂದರ ಫಜೀತಿ ಆಗ್ಲಿಲ್ಲಂದ್ರ ನಮ್ಮ ಆಫೀಸಿನಾಗ ಚಾಕ್ಕ ರುಚಿನೇ ಇರಂಗಿಲ್ಲ. ಈ ಸಲದ ಕೋರ್ಸು ಖಡಕ್ ರೊಟ್ಟಿ ಮಾಡೋ ಹೆಣ್ಮಕ್ಕಳ ಸಂಘಗಳಿಗೆ. ಸ್ವಚ್ಛ ಹ್ಯಾಂಗ ಇಡಬೇಕು, ಪ್ಯಾಕ್ ಹ್ಯಾಂಗ ಮಾಡಬೇಕು, ಇಷ್ಟೇ.

“ಬರೇ ವಿಡಿಯೋ ಹಾಕಿ ಕೈ ತೊಳಕೋಬ್ಯಾಡ್ರಿ. ಕಲಿಯೋರ ಕೈಗೂ ಕೆಲಸ ಕೊಡ್ರಿ,” ಅಂದ್ರು ನಮ್ಮ ಸಾಹೇಬ್ರು. “ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ನೋಡ್ತೇನಿ. ಪಾಸಾದ್ರ ಕೋರ್ಸ್ ಉಳೀತದ, ಇಲ್ಲಾಂದ್ರ ಬಂದ್.”

ಒಂದು ವರ್ಷ ಕಣ್ಣು ಕೆಂಪ ಮಾಡ್ಕೊಂಡು ಮಾಡಿದ ಕೋರ್ಸದು. ಬಂದ್ ಅಂದಕೂಡ್ಲೆ ನನಗ ಅನ್ನ ಸೇರಲಿಲ್ಲ. ಒತ್ತೋ ಗುಂಡಿ, ಎಳಿಯೋ ಚಿತ್ರ, ಪ್ರಶ್ನೆ, ಗಂಟೆ, ಸಿಕ್ಕದ್ದೆಲ್ಲಾ ತುರುಕಿದೆ.

ಹವಳಗಾದ ಅತ್ತಿ

ಉತ್ತರ ತಪ್ಪಾದ್ರ ಫೋನು ದೊಡ್ಡ ದನಿಲೆ “ತಪ್ಪು” ಅಂತಿತ್ತು. ಅದು ನನ್ನದೇ ದನಿ, ಜರಾ ಜೋರಾಗೇ ಅಂದಿದ್ದೆ. ಅಫಜಲಪುರ ಕಡೆ ಹವಳಗಾ ಊರಾಗ ಒಬ್ಬಾಕಿ ನಡುಮನಿಯಾಗ ಕುಂತು ಕಲಿಯಾಕತ್ತಿದ್ಳು. ಮೂರು ಸಲ “ತಪ್ಪು” ಅಂದಿದ್ದಕ್ಕ ಆಕಿ ಅತ್ತಿ ಫೋನ್ ಕಸಗೊಂಡು ಕೋರ್ಸಿನಾಗಿನ ನಂಬರ್ ನೋಡಿ ನನಗೇ ಹಚ್ಚಿದ್ರು.

“ಯಾರಬೇ ಅಕಿ, ನಮ್ಮ ಸೊಸಿಗೆ ತಪ್ಪು ತಪ್ಪು ಅನ್ನಾಕಿ?”

ನಾನೇ ಅಂತ ಹೇಳೋ ಧೈರ್ಯ ಆಗ್ಲಿಲ್ಲ. “ಕಲೀಲಿ ಅಂತ ಅನ್ನೋದ್ರಿ ಯವ್ವಾ,” ಅಂದೆ.

“ಅದನ್ನ ಅನ್ನಾಕ ಮನ್ಯಾಗ ನಾ ಅದೇನಿ. ನೀ ಬ್ಯಾರೆ ಏನರ ಕಲಸು.”

ಮಾಳಗಿ ಮ್ಯಾಲಿನ ಪ್ರಶ್ನೆ

ವಿಡಿಯೋ ನಡುವ ತಾನೇ ನಿಲ್ತದ, ಅರ್ಧ ನಿಮಿಷ ಬಿಟ್ಟು ಪ್ರಶ್ನೆ ಕೇಳ್ತದ. ಕಲಿಯೋರು ಅಷ್ಟೊತ್ತು ನೋಡಿದ್ದರ ವಿಚಾರ ಮಾಡ್ಲಿ ಅಂತ ನಾನೇ ಮಾಡಿದ್ದು, ಭಾಳ ಹೆಮ್ಮಿ ಇತ್ತು. ಆಳಂದ ಕಡೆ ಸರಸಂಬಾ ಊರಾಗ ಅದು ನಿಂತಕೂಡ್ಲೆ ಸಂಘದವರು “ನೆಟ್‌ವರ್ಕ್ ಹೋತು” ಅಂತ ಫೋನ್ ಹಿಡಕೊಂಡು ಮಾಳಗಿ ಏರಿದ್ರಂತ. ಮ್ಯಾಲ ಹೋಗೂದ್ರಾಗ ಪ್ರಶ್ನೆ ಬಂದಿತ್ತು.

ಮುಂದಿನ ವಾರ ನಾ ಹೋದಾಗ ಇಡೀ ಸಂಘ ಬಿಸಿಲಾಗ ಮಾಳಗಿ ಮ್ಯಾಲ ಕುಂತಿತ್ತು. ಕೆಳಗ ತಂಪದ, ಇಳೀರಿ ಅಂದೆ.

“ಕೆಳಗ ಬರೇ ವಿಡಿಯೋ ಬರ್ತದರಿ ಅಕ್ಕೋರ,” ಅಂದ್ರು. “ಪ್ರಶ್ನೆ ಮ್ಯಾಲೇ ಬರ್ತಾವ.”

ಸಂಶಯದ ಗುಂಡಿ

ಪ್ರತಿ ಪಾಠದ ಕಡೀಕ ಒಂದು ಹಳದಿ ಗುಂಡಿ ಇಟ್ಟಿದ್ದೆ, “ಸಂಶಯ ಇದ್ದರೆ ಇಲ್ಲಿ ಒತ್ತಿ ಬರೆಯಿರಿ” ಅಂತ. ಜೇವರ್ಗಿ ಕಡೆಯವರು ಒಬ್ಬರೂ ಒತ್ತಲಿಲ್ಲ. ಯಾಕ್ರಿ ಅಂತ ಕೇಳಿದ್ರ ಸಂಘದ ಅಧ್ಯಕ್ಷರು ಗಲ್ಲ ಬಡ್ಕೊಂಡ್ರು. “ಶಿವಶಿವಾ, ಇಷ್ಟು ಕಷ್ಟಪಟ್ಟು ಕಲಸ್ತೀರಿ, ನಿಮ್ಮ ಮ್ಯಾಲ ಸಂಶಯ ಪಡ್ತೇವೇನ್ರಿ?”

ಮರುದಿನ ಒಬ್ಬಾಕಿ ಒತ್ತಿದ್ಳು. ಅಬ್ಬಾ, ಒಂದರ ಬಂತಲ್ಲ ಅಂತ ಖುಷಿಲೆ ತೆಗದು ನೋಡಿದೆ.

“ನಮ್ಮ ಮನ್ಯಾವರ ಮ್ಯಾಲ ಅದರಿ. ದಿನಾ ಸಂಜಿಕ ಬಸ್ ಸ್ಟ್ಯಾಂಡಿಗೆ ಯಾಕ ಹೋಗ್ತಾರ, ಜರಾ ನೋಡಿ ತಿಳಸ್ರಿ.”

ಮಟಕಿಯ ಪರೀಕ್ಷಾ

ಕಡೀ ಪರೀಕ್ಷಾ ಆಳಂದ ಕಡೆ ಮಟಕಿ ಅನ್ನೋ ಊರಾಗ, ಸಾಹೇಬ್ರ ಎದುರಿಗೇ. ಪ್ರತಿ ಪ್ರಶ್ನೆಗೆ ಎರಡು ಚಿತ್ರ. ಸರಿ ಇದ್ದದ್ದನ್ನ ಬೆರಳಿಲೆ ಎಳದು ಕೆಳಗಿನ ಬುಟ್ಟಿಯಾಗ ಬಿಡಬೇಕು. ಇಷ್ಟುದ್ದ ಯಾರು ಕೇಳ್ತಾರ ಅಂತ ನಾ ರೆಕಾರ್ಡಿಂಗಿನಾಗ ಸಣ್ಣದ ಮಾಡಿ “ಸರಿ ಉತ್ತರ ಬಿಡ್ರಿ” ಅಂತ ಅಷ್ಟೇ ಅಂದಿದ್ದೆ.

ಇಪ್ಪತ್ತು ಮಂದಿ ಬರದ್ರು. ಇಪ್ಪತ್ತೂ ಮಂದಿಗೆ ಸೊನ್ನಿ.

ಸಾಹೇಬ್ರು ಕನ್ನಡಕ ತೆಗದು ಒರೆಸಿ ಮತ್ತ ಹಾಕ್ಕೊಂಡ್ರು. “ಇವರಿಗೆ ಏನೂ ತಿಳದಿಲ್ಲಲ್ರಿ. ಬಂದ್ ಮಾಡೋದೇ ಬರಾಬರ್.” ಅಳು ಬರಾಕತ್ತಿತ್ತು, ಖರೇ ಹೇಳ್ತೇನಿ.

ಅಷ್ಟರಾಗ ಸಂಘದಾಗ ಎಲ್ಲಾರಕಿಂತ ಹಿರೇಕಿ, ಒಬ್ಬ ಮುದುಕಿ, ಎದ್ದು ನಿಂತ್ಳು. “ತಿಳೀದೇನ್ರಿ ಸಾಹೇಬ್ರ? ಮೂಗು ಒರೆಸಿದ ಕೈಲೆ ಹಿಟ್ಟು ನಾದೋ ಚಿತ್ರ ಬುಟ್ಟಿಗೆ ಹಾಕುವಾಗ ನನಗೇ ಹೇಸಿಕಿ ಬಂತು. ಹಸಿ ಚೀಲದಾಗ ರೊಟ್ಟಿ ತುಂಬುವಾಗ ಹೊಟ್ಟಿ ಉರೀತು. ಏನ್ ಮಾಡೋದು, ಅಕ್ಕೋರು ಸರಿ ಉತ್ತರ ಬಿಡ್ರಿ ಅಂದ್ರು. ಬಿಟ್ಟೇವಿ. ಉಳದದ್ದು ಹಾಕೇವಿ.”

ಸಾಹೇಬ್ರು ನನ್ನ ಮಾರಿ ನೋಡಿದ್ರು. ನಾ ನೆಲ ನೋಡಿದೆ. ಆಮ್ಯಾಲ ಅವರು ಒಬ್ಬೊಬ್ಬರನ್ನೇ ನಿಂದರ್ಸಿ ಬಾಯಿಲೆ ಕೇಳಿದ್ರು. ಎಲ್ಲಾರೂ ಪಟಪಟ ಹೇಳಿದ್ರು, ಒಂದೂ ತಪ್ಪಲಿಲ್ಲ. ಸಾಹೇಬ್ರು ನಕ್ಕೋತ, “ಹಿಂಗ ಪೂರಾ ಸೊನ್ನಿ ತಗೋಬೇಕಂದ್ರೂ ಎಲ್ಲಾ ಬರ್ತಿರಬೇಕು ನೋಡ್ರಿ,” ಅಂದು ಇಪ್ಪತ್ತೂ ಮಂದಿ ಪಾಸ್, ಕೋರ್ಸ್ ಇರ್ಲಿ ಅಂತ ಸಹಿ ಹಾಕಿದ್ರು.

ನನಗ ಉಸರು ಬಂತು. ಆದ್ರ ಮುದುಕಿ ಇನ್ನೂ ಕುಂತಿರಲಿಲ್ಲ.

“ಸಾಹೇಬ್ರ, ಅಕ್ಕೋರಿಗೂ ಒಂದು ಕೋರ್ಸ್ ಇಡ್ರಿ, ಕನ್ನಡದ್ದು. ಫೋನ್ ಗೀನ್ ಬ್ಯಾಡ, ನಾವೇ ಎದುರಿಗೆ ಕುಂತು ಕಲಸ್ತೇವಿ.”