ಒಣಕಸವೆಂದು ದಾಖಲಾದ ಒಂದು ಸಾಮ್ರಾಜ್ಯದ ಕುರಿತು

ನೆರೆದಿರುವ ಮಹಾಜನರೇ, ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಪೋಷಕ ಮಹಾಶಯರೇ, ಹಿಂದಿನ ಗೋಡೆಗೆ ಒರಗಿ ಇದು ಯಾವಾಗ ಮುಗಿಯುತ್ತದೋ ಎಂದು ಗಡಿಯಾರ ನೋಡುತ್ತಿರುವ ಸಹೋದ್ಯೋಗಿಗಳೇ, ಶಾಲೆಯ ಗೇಟಿನ ಪಕ್ಕದ ಸೂಚನಾ ಫಲಕದ ಮುಂದೆ ಬಿಸಿಲಿಗೆ ಕೈ ಅಡ್ಡ ಹಿಡಿದು ಓದುತ್ತಿರುವ ದಾರಿಹೋಕರೇ, ಎಲ್ಲರೂ ದಯಮಾಡಿ ಒಂದು ಗಳಿಗೆ ಸದ್ದು ಮಾಡದಿರಬೇಕು. ಈ ಪತ್ರ ನಿಮಗಲ್ಲ. ಆದರೆ ಏನನ್ನು ಹೇಳಿದರೂ ನಾಲ್ಕು ಜನರ ಎದುರಿಗೇ ಹೇಳಿ ರೂಢಿಯಾದ ನನಗೆ, ನೀವು ಇಲ್ಲದಿದ್ದರೆ ಗಂಟಲೇ ತೆರೆಯುವುದಿಲ್ಲ.

ನಗರಸಭೆಯ ಶಾಲಾ ಮರುಬಳಕೆ ಅನುದಾನ ಶಾಖೆಯ ಅಧಿಕಾರಿಗಳ ಘನ ಸನ್ನಿಧಾನಕ್ಕೆ,

ಮಾನ್ಯರೇ,

ಈ ಶಾಲೆಯ ನಾಟಕದ ಮೇಷ್ಟ್ರು ಮಾಡುವ ಅನೇಕಾನೇಕ ನಮಸ್ಕಾರಗಳು. ತಾವೂ, ತಮ್ಮ ಮೇಜೂ, ಮೇಜಿನ ಮೇಲಿನ ಮೊಹರೂ, ಮೊಹರಿನ ಶಾಯಿಯ ಡಬ್ಬಿಯೂ ಸಕುಶಲವೆಂದು ನಂಬಿದ್ದೇನೆ. ಇಲ್ಲಿ ನಾನು ಅಷ್ಟೇನೂ ಕುಶಲವಾಗಿಲ್ಲ. ಆದರೆ ಅದಕ್ಕೆ ತಾವು ಕಾರಣರಲ್ಲ, ನನ್ನ ಬಾಯಿಯೇ ಕಾರಣ ಎಂಬುದನ್ನು ತೆರೆ ಸರಿಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಮ್ಮ ಮೇಲೆ ದೂರು ಹೇಳಲು ಕೂತವನು ತನ್ನ ಮೇಲೇ ಹೇಳಿಕೊಂಡು ಎದ್ದುಹೋಗುವ ಲಕ್ಷಣ ಈ ಪತ್ರಕ್ಕೆ ಈಗಲೇ ಕಾಣಿಸುತ್ತಿದೆ.

ನಮ್ಮಪ್ಪ ಊರೂರು ಸುತ್ತುವ ನಾಟಕ ಕಂಪನಿಯಲ್ಲಿ ಚಕ್ರವರ್ತಿಯಾಗಿದ್ದವರು. ನನ್ನ ತೊಟ್ಟಿಲು ವೇಷದ ಪೆಟ್ಟಿಗೆ. ಅಪ್ಪ ನನಗೆ ಕಲಿಸಿದ ವಿದ್ಯೆ ಒಂದೇ: ಬಾಯಿಂದ ಬಂದ ಮಾತು ಕೊನೆಯ ಸಾಲಿನವನಿಗೂ ಕೇಳಬೇಕು. ಆ ವಿದ್ಯೆಯನ್ನು ನಾನು ಎಲ್ಲೆಡೆಯೂ ಪ್ರಯೋಗಿಸುತ್ತೇನೆ. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಿದರೂ ರಸ್ತೆಯಾಚೆಯವರು ತಿರುಗಿ ನೋಡುತ್ತಾರೆ. ಇಂಥವನ ಕೈಗೆ, ಕಳೆದ ವರ್ಷದ ಕೊನೆಯಲ್ಲಿ, ನಮ್ಮ ಮುಖ್ಯೋಪಾಧ್ಯಾಯಿನಿಯವರು ತಮ್ಮ ಶಾಖೆಯ ಅನುದಾನದ ಅರ್ಜಿಯನ್ನು ಕೊಟ್ಟರು. ಸಮಯಕ್ಕೆ ಒಂದು ನಿಮಿಷ ಹಿಂದೆಮುಂದೆ ಆಗದ ಈ ತಾಯಿಯನ್ನು ಮಕ್ಕಳು ಗಂಟೆ ಮೇಡಂ ಎಂದು ಕರೆಯುತ್ತಾರೆ. ಅವರಿಗೆ ಮರುಬಳಕೆಗಿಂತ ಹೆಚ್ಚಾಗಿ ಬೇಕಿದ್ದದ್ದು ಕಿಟಕಿಯ ಗಾಜು. ಹಿಂದಿನ ಪಡಸಾಲೆಯ ಕಿಟಕಿಗಳಲ್ಲಿ ಗಾಜು ಹೋಗಿ ಎಷ್ಟೋ ಕಾಲವಾಗಿ, ಗಾಳಿ ಬೀಸಿದಾಗ ಮೂರನೇ ತರಗತಿಯ ಮಕ್ಕಳು ಒಂದು ಕೈಯಲ್ಲಿ ಹಾಳೆ ಅದುಮಿ ಹಿಡಿದು ಇನ್ನೊಂದು ಕೈಯಲ್ಲಿ ಬರೆಯುತ್ತಾರೆ. ಕಸ ವಿಂಗಡಿಸುವ ಶಾಲೆಗೆ ಕಟ್ಟಡದ ಸಣ್ಣಪುಟ್ಟ ದುರಸ್ತಿಗೂ ಹಣ ಸಿಗುತ್ತದೆಂದು ತಮ್ಮ ಸುತ್ತೋಲೆಯಲ್ಲಿ ಇತ್ತಲ್ಲ, ಅದೇ ಆಸೆ.

ಒಂದು ಪುಟ ಸಾಕಿತ್ತು. ನಾನು ಐದು ಅಂಕ ಬರೆದೆ. ನಮ್ಮ ಶಾಲೆಯಲ್ಲಿ ತ್ಯಾಜ್ಯವು ಪರ್ವತೋಪಾದಿಯಲ್ಲಿ ಬೆಳೆದು ಸೂರ್ಯನನ್ನು ಮರೆಮಾಡಿದೆ ಎಂದೆ. ಅದರ ಘೋರ ನೆರಳಿನಲ್ಲಿ ಎಳೆಯ ಕಂದಮ್ಮಗಳು ಅಕ್ಷರ ತಿದ್ದುತ್ತಿವೆ ಎಂದೆ. ಆ ಪರ್ವತವನ್ನು ಹೊತ್ತು ನಿಲ್ಲಲು ವಿಶಾಲವಾದ ಕೋಣೆಯೊಂದನ್ನು ಈಗಾಗಲೇ ಅರ್ಪಿಸಿದ್ದೇವೆ ಎಂದೂ ಸೇರಿಸಿದೆ. ಹೊಲಿಗೆ ಕೆಲಸ ಮಾಡುವ ನನ್ನ ಹೆಂಡತಿ ಮಿಷನ್ನಿನ ಮೇಲೆಯೇ ಅದನ್ನು ಹರಡಿ ಓದಿ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ಅರ್ಜಿ ಬರೀರಿ ಅಂದ್ರೆ ನಾಟಕ ಬರ್ದಿದ್ದೀರಲ್ರೀ. ಯಾರಾದ್ರೂ ನಿಜ ಅಂದ್ಕೊಂಡು ನೋಡಕ್ಕೆ ಬಂದ್ಬಿಟ್ರೆ?" ಎಂದಳು. ಸರ್ಕಾರಿ ಅರ್ಜಿಯನ್ನು ಯಾರು ಓದುತ್ತಾರೆ ಹೋಗೇ ಎಂದು ನಾನು ನಕ್ಕೆ. ಮಾನ್ಯರೇ, ತಾವು ಓದಿದಿರಿ. ನಾನು ಬರೆದದ್ದನ್ನು ಕೊನೆಯ ಪುಟದವರೆಗೆ ಓದಿದ ಮೊದಲ ಮನುಷ್ಯರು ತಾವು ಎಂಬ ಋಣ ನನ್ನ ಮೇಲಿದೆ; ಈ ದುಃಖದಲ್ಲೂ ಅದನ್ನು ಮರೆಯಲಾರೆ.

ಇದ್ದ ತೊಡಕು ಇಷ್ಟೇ: ನಮ್ಮ ಶಾಲೆಯಲ್ಲಿ ಕಸ ಇರಲಿಲ್ಲ. ಕಸದ ಗಾಡಿಯವನು ನಮ್ಮ ಗೇಟಿನ ಮುಂದೆ ನಿಲ್ಲಿಸುವುದನ್ನೇ ಬಿಟ್ಟಿದ್ದ. ಏಕೆಂದರೆ ಇಲ್ಲಿ ಬೀಳುವ ಕಾಗದ, ರಟ್ಟು, ಬಿಸ್ಕತ್ತಿನ ಬೆಳ್ಳಿಹಾಳೆ, ಮುರಿದ ಬೆಂಚಿನ ಹಲಗೆ, ಹರಿದ ಗೋಣಿ ಎಲ್ಲವೂ ನೆಲ ಮುಟ್ಟುವ ಮೊದಲೇ ನನ್ನ ಕೈ ಸೇರುತ್ತಿತ್ತು. ಹಳೆಯ ಉತ್ತರಪತ್ರಿಕೆಗಳು ನೆನೆದು ಅಂಟಾಗಿ ಸಿಂಹಾಸನದ ಸಿಂಹಗಳಾದವು. ಗೋಣಿಯ ನಾರು ಮಂತ್ರಿಯ ಗಡ್ಡವಾಯಿತು. ಸಭಾಂಗಣದ ಹಳೆಯ ಪರದೆ ನನ್ನ ಹೆಂಡತಿಯ ಕೈಯಲ್ಲಿ ರಾಜನ ನಿಲುವಂಗಿಯಾಯಿತು. ವೇದಿಕೆಯ ಹಿಂದಿನ ಕೋಣೆಯಲ್ಲಿ, ಚಪ್ಪಲಿ ಪೆಟ್ಟಿಗೆಯ ರಟ್ಟಿನಿಂದ ಮಾಡಿ ನಮ್ಮಪ್ಪ ಜೀವಮಾನವಿಡೀ ತೊಟ್ಟ ಕಿರೀಟವನ್ನು ನಡುವೆ ಇಟ್ಟು, ಸುತ್ತಲೂ ಒಂದು ಸಾಮ್ರಾಜ್ಯವನ್ನೇ ಕಟ್ಟಿದ್ದೆ. ಇದಕ್ಕೆ ಮರುಬಳಕೆ ಎಂಬ ಹೆಸರಿದೆ ಎಂದು ತಮ್ಮ ಸುತ್ತೋಲೆ ಓದುವವರೆಗೂ ನನಗೆ ಗೊತ್ತಿರಲಿಲ್ಲ. ನಾವು ಇದನ್ನು ಬಡತನ ಎಂದುಕೊಂಡಿದ್ದೆವು.

ತಾವು ತಪಾಸಣೆಗೆ ಬಂದ ದಿನ ಗಂಟೆ ಮೇಡಂ ತಮ್ಮನ್ನು ಶಾಲೆಯೆಲ್ಲ ಸುತ್ತಿಸಿದರು. ಪರ್ವತ ಹೋಗಲಿ, ಒಂದು ಗುಡ್ಡೆಯೂ ಸಿಗಲಿಲ್ಲ. ಕೊನೆಗೆ ತಾವೇ ವೇದಿಕೆಯ ಹಿಂದಿನ ಬಾಗಿಲು ತಳ್ಳಿದಿರಿ. ತಳ್ಳಿ, ನಿಂತು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡಿರಿ. "ಇಷ್ಟೊಂದು ಕಸ ಒಂದೇ ಕಡೆ ನಾನೆಲ್ಲೂ ನೋಡಿಲ್ಲ ಮೇಷ್ಟ್ರೇ," ಎಂದಿರಿ, "ನಿಜವಾಗ್ಲೂ ದೊಡ್ಡ ಕೆಲಸ."

ಆ ಕ್ಷಣಕ್ಕೆ ನಾನು ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಇದು ಕಸವಲ್ಲ ಸಾರ್. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತಮ್ಮ ಸಹಾಯಕರು ಚಪ್ಪಾಳೆ ತಟ್ಟಿದರು. ಮಾನ್ಯರೇ, ನಮ್ಮ ಮನೆತನದಲ್ಲಿ ಚಪ್ಪಾಳೆ ಬಿದ್ದರೆ ಸೊಂಟ ತಾನಾಗಿ ಬಾಗುತ್ತದೆ. ತಲೆಯನ್ನು ಕೇಳುವ ಪದ್ಧತಿಯಿಲ್ಲ. ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳ ಎದುರಿಗೇ ನಾನು ಬಾಗಿದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಡುವೆ ಒಮ್ಮೆ. ತನ್ನಪ್ಪನ ಕಿರೀಟವನ್ನು ಕಸ ಎಂದವರಿಗೆ ಮೂರು ದಿಕ್ಕಿಗೂ ವಂದನೆ ಸಲ್ಲಿಸಿದ ಮಗ ಇನ್ನೊಬ್ಬನಿದ್ದರೆ ಅವನ ವಿಳಾಸ ತಿಳಿಸಿ, ಸ್ನೇಹ ಮಾಡಿಕೊಳ್ಳುತ್ತೇನೆ.

ಆಮೇಲೆ ಬಂದ ತಮ್ಮ ಮಂಜೂರಾತಿ ಆದೇಶವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಪಾಸಣೆಯಲ್ಲಿ ಕಂಡ ಸಮಸ್ತ ತ್ಯಾಜ್ಯವನ್ನೂ ವಿಂಗಡಿಸಿ ಲಾರಿಗೆ ಒಪ್ಪಿಸಿದ ಮೇಲೆಯೇ ಅನುದಾನ, ಗಾಜಿನ ಹಣವೂ ಅದರಲ್ಲೇ. ಖಾಲಿಯಾದ ಕೋಣೆಯಲ್ಲಿ ಬಣ್ಣಬಣ್ಣದ ಕಸದ ಬುಟ್ಟಿಗಳು. ಮತ್ತು, ಇಲ್ಲಿ ನಾನು ಎದ್ದು ನಿಂತು ಓದಿದೆ, ಮರುಬಳಕೆಯ ಮಹತ್ವ ಸಾರುವ ಜಾಗೃತಿ ನಾಟಕವೊಂದನ್ನು ಆಡಲು, ಅಧಿಕೃತ ಮಳಿಗೆಯಿಂದ ಹೊಚ್ಚಹೊಸ ಪ್ಲಾಸ್ಟಿಕ್ ಕಿರೀಟಗಳ ಖರೀದಿ. ಪ್ರತಿ ಕಿರೀಟಕ್ಕೂ ಬೇರೆಬೇರೆ ಪ್ಲಾಸ್ಟಿಕ್ ಕವರಂತೆ, ಆ ಕವರುಗಳನ್ನು ಹಾಕಲು ಬುಟ್ಟಿಯೂ ಸಿದ್ಧವಂತೆ. ಕಸವಿಲ್ಲದ ಶಾಲೆಗೆ ಕಸದ ವ್ಯವಸ್ಥೆಯನ್ನೂ ತಾವೇ ಮಾಡಿಕೊಟ್ಟಿರಿ. ಹೆತ್ತ ತಾಯಿಯೂ ಇಷ್ಟು ಮುಂದಾಲೋಚನೆ ಮಾಡುವುದಿಲ್ಲ.

ವಿಂಗಡಣೆಯನ್ನು ಇವತ್ತು ಮಕ್ಕಳೇ ಮಾಡಿದರು. ತಾವು ಕಳಿಸಿದ ಕೈಗವಸು ಹಾಕಿಕೊಂಡು, ಬೆಳ್ಳಿಹಾಳೆ ಸುತ್ತಿದ ಕತ್ತಿಗಳನ್ನು ಲೋಹವೆಂದು, ಸಿಂಹಗಳನ್ನು ಕಾಗದವೆಂದು ಬೇರೆಬೇರೆ ಮಾಡಿದರು. ಮಂತ್ರಿಯ ಗಡ್ಡ ಹಸಿಯೋ ಒಣವೋ ಎಂದು ದೊಡ್ಡ ಚರ್ಚೆ ನಡೆದು, ತಮ್ಮ ಸಹಾಯಕರಿಗೆ ಫೋನ್ ಮಾಡಿ ಕೇಳಿ, ತೊಳೆದಿದ್ದರೆ ಒಣ ಎಂದು ತೀರ್ಮಾನವಾಯಿತು. ಈ ಸಲದ ನಾಟಕದಲ್ಲಿ ರಾಜನಾಗುವ ಏಳನೇ ತರಗತಿಯ ಹುಡುಗಿ, ರಾಜ್ಯ ಕಳೆದುಕೊಳ್ಳುವ ದೃಶ್ಯದಲ್ಲಿ ಒಂದು ಹನಿ ಕಣ್ಣೀರು ತರಲಾರದೆ ನನ್ನಿಂದ ಬೈಸಿಕೊಂಡವಳು, ನಮ್ಮಪ್ಪನ ಕಿರೀಟಕ್ಕೆ ಮಿಶ್ರ ಕಾಗದ ಎಂಬ ಚೀಟಿ ಅಂಟಿಸಿ ಬುಟ್ಟಿಗೆ ಹಾಕಿದಳು. ಅಳುತ್ತಿದ್ದದ್ದು ನಾನು. ನಿನಗೆ ಏನೂ ಅನಿಸಲಿಲ್ಲವೇನಮ್ಮಾ ಎಂದು ಕೇಳಿದರೆ, "ಅನ್ಸ್ತು ಸಾರ್. ಆದ್ರೆ ನೀವೇ ಬಗ್ಗಿ ನಮಸ್ಕಾರ ಮಾಡಿದ್ರಲ್ಲ, ಹಂಗಾದ್ರೆ ಕಸಾನೇ ಇರ್ಬೇಕು ಅಂದ್ಕೊಂಡ್ವಿ" ಎಂದಳು.

ಆಗ ಗಂಟೆ ಮೇಡಂ ಹತ್ತಿರ ಓಡಿದೆ, ನಿಜ ಹೇಳಿಬಿಡೋಣ ಎಂದು. ಅವರು ತುಂಬ ತಾಳ್ಮೆಯಿಂದ, ಹೇಳಿದರೆ ಅನುದಾನ ಹೋಗುತ್ತದೆ, ಅನುದಾನ ಹೋದರೆ ಗಾಜು ಹೋಗುತ್ತದೆ ಎಂದು ವಿವರಿಸಿದರು. "ಗಾಜು ಕೂರಿಸೋವರೆಗೆ ಬಾಯಿ ಮುಚ್ಕೊಂಡಿರಿ ಮೇಷ್ಟ್ರೇ," ಎಂದರು. "ಆಮೇಲೆ ಎಷ್ಟ್ ಬೇಕಾದ್ರೂ ಕೂಗಿ, ಆಚೆ ಕೇಳ್ಸಲ್ಲ."

ಆದ್ದರಿಂದ ಮಾನ್ಯರಲ್ಲಿ ಸಾಷ್ಟಾಂಗ ಪ್ರಾರ್ಥನೆ. ಪದಚ್ಯುತ ರಾಜರಿಗೆಂದು ಬೇರೆ ಬಣ್ಣದ ಬುಟ್ಟಿಯೊಂದನ್ನು ಮಂಜೂರು ಮಾಡಬೇಕು. ಚಪ್ಪಾಳೆಯನ್ನು ಅಪಾಯಕಾರಿ ತ್ಯಾಜ್ಯವೆಂದು ಘೋಷಿಸಿ, ನನ್ನಂಥವರ ಸುತ್ತಮುತ್ತ ಅದನ್ನು ಎಸೆಯದಂತೆ ತಮ್ಮ ಸಹಾಯಕರಿಗೆ ತಾಕೀತು ಮಾಡಬೇಕು. ನನ್ನನ್ನೂ ಒಮ್ಮೆ ಪರೀಕ್ಷಿಸಿ, ಹಸಿಯೋ ಒಣವೋ, ಇನ್ನೊಂದು ಸಲ ಬಳಸಬಹುದೋ ಎಂದು ಪ್ರಮಾಣಪತ್ರ ಕೊಡಬೇಕು, ಹೆಂಡತಿ ಕೇಳುತ್ತಿದ್ದಾಳೆ. ಇವೆಲ್ಲಕ್ಕಿಂತ ಅಸಾಧ್ಯವಾದದ್ದು ಇನ್ನೊಂದಿದೆ, ಕೇಳಲು ನಾಚಿಕೆಯಾಗುತ್ತದೆ: ಹೊಸ ಪ್ಲಾಸ್ಟಿಕ್ ಕಿರೀಟಗಳಿಗೆ ತೆಗೆದಿಟ್ಟ ಹಣದಲ್ಲಿ ಮೂರನೇ ತರಗತಿಯ ಕಿಟಕಿಗಳಿಗೆ ಗಾಜು ಹಾಕಿಸಿ, ನಮಗೆ ನಮ್ಮ ಹಳೆಯ ಕಿರೀಟಗಳನ್ನೇ ಬಿಟ್ಟುಬಿಡಲು ಆಗುತ್ತದೆಯೇ? ಇಷ್ಟು ಸರಳವಾದದ್ದಕ್ಕೆ ತಮ್ಮ ಆದೇಶದಲ್ಲಿ ಅವಕಾಶವಿರಲಾರದು ಎಂದು ಬಲ್ಲೆ. ಆದರೂ ಕೇಳಿದ್ದೇನೆ.

ತಮ್ಮ ವಿಶ್ವಾಸಿ, ತಮ್ಮ ದಾಖಲೆಗಳ ಪ್ರಕಾರ ಈ ವಲಯದ ಅತಿ ದೊಡ್ಡ ಕಸದ ಒಡೆಯ,
ನಾಟಕದ ಮೇಷ್ಟ್ರು

ಮರೆತ ಮಾತು: ನಾಳೆ ಬೆಳಿಗ್ಗೆ ಮೊದಲ ಗಂಟೆಗೆ ಲಾರಿ ಬರುತ್ತದಂತೆ. ಅದು ಬರುವ ಮೊದಲೇ ನಾನು ಬುಟ್ಟಿಯಿಂದ ಅಪ್ಪನ ಕಿರೀಟ ತೆಗೆದು, ಚೀಟಿಯನ್ನು ಕೀಳದೆ ಹಾಗೆಯೇ ತಲೆಗೆ ಇಟ್ಟುಕೊಂಡು, ವಿಂಗಡಿಸಿಟ್ಟ ಸಿಂಹಾಸನದ ಮೇಲೆ ಕೂತಿರುತ್ತೇನೆ. ತಾವೂ ತಮ್ಮ ಸಹಾಯಕರೂ ಲಾರಿಯ ಜೊತೆ ಬಂದು ಎದುರು ನಿಂತಾಗ, ಆ ದಿನ ನುಂಗಿಕೊಂಡ ಒಂದು ಮಾತನ್ನು ಹೇಳುತ್ತೇನೆ. ಚಪ್ಪಾಳೆ ಬಿದ್ದರೂ ಬಾಗುವುದಿಲ್ಲ, ಸೊಂಟಕ್ಕೆ ಹೆಂಡತಿಯಿಂದ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡಿದ್ದೇನೆ. ಬೇರೆ ಕೆಲಸವಿದ್ದು ತಮಗೆ ಬರಲಾಗದಿದ್ದರೂ ಚಿಂತೆಯಿಲ್ಲ, ಕಚೇರಿಯಲ್ಲಿಯೇ ಕೂತು ಕೇಳಿಸಿಕೊಳ್ಳಬಹುದು. ನಮ್ಮ ಕಿಟಕಿಗಳಿಗೆ ಇನ್ನೂ ಗಾಜು ಹಾಕಿಲ್ಲ.