ಗರಸಿನ ಖಣಿಯ ಯಜಮಾನಿ

ನಮ್ಮ ಅತ್ತೆಗೆ ತಲೆ ಸರಿಯಿಲ್ಲ ಎಂಬುದು ರಾಯಬಾಗದ ಸುತ್ತ ಹತ್ತು ಹಳ್ಳಿಗೂ ಗೊತ್ತು. ಈಗೀಗ ನನಗಂತೂ ಅದು ಬಿರುದಿನ ಹಾಗೆ ಕೇಳಿಸುತ್ತದೆ!

ಅತ್ತೆ ಎಂದರೆ ಅಪ್ಪನ ಅಕ್ಕ. ಎರಡು ಎಮ್ಮೆ ಕಟ್ಟಿಕೊಂಡು ನಮ್ಮ ಮನೆಯಲ್ಲೇ ಇದ್ದಾಳೆ. ಊರಾಚೆ ಒಂದು ಗರಸಿನ ಖಣಿ ಇದೆ. ರಸ್ತೆ ಮಾಡಿದವರು ಬೇಕಾದಷ್ಟು ಗರಸು ಮಣ್ಣು ಅಗೆದುಕೊಂಡು, ಗುಂಡಿಯನ್ನು ಮಾತ್ರ ನಮಗೆ ಬಿಟ್ಟು ಹೋದರು. ಮಳೆನೀರು ತುಂಬಿತು, ಆಪು ಹುಲ್ಲು ಬೆಳೆಯಿತು, ಹಕ್ಕಿಗಳು ಬಂದವು. ಎಮ್ಮೆಗೆ ನೀರು ಕುಡಿಸಲು ಹೋದ ಅತ್ತೆ ಹಕ್ಕಿಯ ಹುಚ್ಚು ಹಿಡಿಸಿಕೊಂಡು ಬಂದಳು.

ಮನುಷ್ಯರನ್ನೆಲ್ಲ 'ಲೇ' ಎನ್ನುವ ಈಕೆ ಹಕ್ಕಿಗಳಿಗೆ ಮಾತ್ರ ಬಹುವಚನ! ಒಂಟಿಕಾಲಲ್ಲಿ ನಿಂತ ಬಕವನ್ನು, "ಯಾಕ್ರೀ ಸಾಹೇಬ್ರ, ಇವತ್ತ ಮೀನ ಸಿಗಲಿಲ್ಲೇನ್ರಿ?" ಎಂದು ವಿಚಾರಿಸುತ್ತಾಳೆ.

ಅಪ್ಪನಿಗೆ ಇದೇ ಸಂಕಟ. "ನನಗ ಒಂದ ದಿನಾನೂ 'ರೀ' ಅಂದಿಲ್ಲ, ಬಕಕ್ಕ ಸಾಹೇಬ್ರ ಅಂತೀ?"

"ನೀನೂ ಒಂಟಿಕಾಲಾಗ ತಾಸಗಟ್ಲೆ ನಿಂದ್ರಲೇ, ಅಂತೇನಿ!"

ಒಮ್ಮೆ ಮದುವೆಯ ದಿಬ್ಬಣವೊಂದು ಡಿಜೆ ಹಚ್ಚಿಕೊಂಡು ಖಣಿಯ ದಂಡೆಗೆ ಬಂತು. ಅತ್ತೆ ದಾರಿಗೆ ಎಮ್ಮೆ ಅಡ್ಡ ಹಾಕಿದಳು. "ಬಂದ್ ಮಾಡ್ರಿಲೇ! ಇಲ್ಲಿ ಬಾಣಂತ್ಯಾರ ಅದಾರ!"

ಪಾಪ, ಬೀಗರು ಗಾಬರಿಯಾಗಿ ಡಿಜೆ ನಿಲ್ಲಿಸಿ, ಪಿಸುಮಾತಿನಲ್ಲೇ ದಾರಿ ಸಾಗಿಸಿದರು. ಹಿಂದೆ ಉಳಿದ ಒಬ್ಬ ಮುದುಕ ಕೇಳಿದ: "ಎಷ್ಟ ಮಂದಿ ಬಾಣಂತ್ಯಾರವ್ವಾ?"

"ಆಪಿನ್ಯಾಗ ಹನ್ನೊಂದ ಗೂಡ ಅದಾವ, ಎಣಿಸಿಕೋ!"

ಕಳೆದ ವರ್ಷ ಗ್ರಾಮಸಭೆಯಲ್ಲಿ ಊರ ಕಸ ಸುರಿದು ಖಣಿ ಮುಚ್ಚುವ ಮಾತು ಬಂತು. ಅತ್ತೆ ಎದ್ದು ನಿಂತಳು. "ಹಿಮಾಲಯ ದಾಟಿ ಬರೋ ಹೆಬ್ಬಾತಿಗೆ ನಮ್ಮೂರ ಗುರುತೈತಿ. ನೀವು ಅಥಣಿ ದಾಟಿದ್ರ ನಿಮ್ಮನ್ನ ಯಾರ ಗುರುತ ಹಿಡಿತಾರ್ಲೇ?"

ಸಭೆಯೆಲ್ಲ ನಕ್ಕಿತು. ಯಾರೋ ಕೂಗಿದರು: "ಈ ಹುಚ್ಚಿ ಯಾರ ಮನ್ಯಾಕಿ?"

ಇಂಥ ಹೊತ್ತಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ ಅಪ್ಪ ಅಂದು ಎದ್ದ. "ನಮ್ಮ ಮನ್ಯಾಕಿ. ನಮ್ಮಕ್ಕ. ಕಸಕ್ಕ ಜಾಗಾ ಬೇಕಂದ್ರ ನನ್ನ ಕಬ್ಬಿನ ಹೊಲದ ಮೂಲಿ ತಗೋರಿ. ಖಣಿ ಮುಟ್ಟಬ್ಯಾಡ್ರಿ."

ನಗು ನಿಂತಿತು. ಕಸ ನಮ್ಮ ಹೊಲದ ಮೂಲೆಗೆ ಬಂತು. ಖಣಿಯ ದಂಡೆಗೆ ಅರಣ್ಯ ಇಲಾಖೆಯ 'ಪಕ್ಷಿ ಸಂರಕ್ಷಣಾ ತಾಣ' ಎಂಬ ಬೋರ್ಡು ಬಂತು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಅಂಗಿಯ ಗುಂಡಿ ಉಳಿದದ್ದೇ ಪುಣ್ಯ!

ಈ ಚಳಿಗಾಲ ಅತ್ತೆಗೆ ಮೀರಜಿನಲ್ಲಿ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ. ಮನೆಗೆ ಬಂದ ಮರುದಿನ ಬೆಳಿಗ್ಗೆಯೇ ಹೆಬ್ಬಾತುಗಳು ಖಣಿಗೆ ಬಂದಿಳಿದ ಸುದ್ದಿ. ಅಪ್ಪ ಅವಳ ಕೈ ಹಿಡಿದು ದಂಡೆಗೆ ಕರೆದೊಯ್ದ. ನಾನು ಹಿಂದೆ ಹೋದೆ.

"ಎಷ್ಟ ಮಂದಿ ಬಂದಾರೋ?" ಅತ್ತೆ ಕೇಳಿದಳು.

ಅಪ್ಪ ಬೆರಳು ಮಡಚಿ ಎಣಿಸಲು ನೋಡಿದ, ಬಿಟ್ಟ. "ನೀರ ಕಾಣವಲ್ದು ಅಕ್ಕಾ, ಅಷ್ಟ ಅದಾವ."

ಅತ್ತೆ ಅವನ ಹೆಗಲಿಗೆ ಒರಗಿದಳು. "ಹಂಗಾದ್ರ ಸುಮ್ಮ ಕೂಡೋ ತಮ್ಮಾ. ಇಬ್ಬರೂ ಅವರ ದನಿ ಕೇಳೂಣು."