ಚೆನ್ನಾಗಿರುವವರ ಆಸ್ಪತ್ರೆ

ಆಸ್ಪತ್ರೆಯಲ್ಲಿ ಕೆಲಸ ಮಾಡಿದವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ತೊಂದರೆ ಏನೆಂದರೆ, ನಕ್ಕು ಮುಗಿಸುವಷ್ಟರಲ್ಲಿ ಆ ಪ್ರಸಂಗದಲ್ಲಿದ್ದವರು ಯಾರೋ ಒಬ್ಬರು ತೀರಿಕೊಂಡಿರುತ್ತಾರೆ. ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಒಬ್ಬರು ಡಾಕ್ಟರು, ಒಬ್ಬ ನಾನು, ಒಂದು ಬೇವಿನ ಮರ. ಆಗ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಕ್ಕ ಮೇಲೆ ಊಟ ಸೇರುವುದಿಲ್ಲ.

ಡಂಗೂರ

ನಮ್ಮ ಡಾಕ್ಟರು ಮೈಸೂರಿನವರು, ಒಂಟಿ ಮನುಷ್ಯ. ಒಂದು ಸಲ ರಜೆ ಮುಗಿಸಿ ಬರುವಾಗ ರಕ್ತದ ಒತ್ತಡ ನೋಡುವ ಯಂತ್ರ ತಂದರು. ಜೊತೆಗೆ ಒಂದು ಯೋಚನೆಯನ್ನೂ ತಂದರು.

"ನಮ್ಮಲ್ಲಿಗೆ ಬರೋರೆಲ್ಲ ಮನೆ ಉರಿದ ಮೇಲೆ ಬರ್ತಾರೆ ಕಣ್ರೀ. ಕಿಡಿ ಇರುವಾಗಲೇ ನೋಡಬೇಕು. ಇನ್ನು ಮೇಲೆ ಸಂತೆ ದಿನ ಮಧ್ಯಾಹ್ನ ಚೆನ್ನಾಗಿರೋರನ್ನು ಮಾತ್ರ ನೋಡೋಣ. ನಲವತ್ತು ದಾಟಿದೋರ ಒತ್ತಡ, ಮೂತ್ರದ ಸಕ್ಕರೆ, ಬಾಯಿ, ಮೂರೂ ನೋಡಿಬಿಡೋಣ."

ಡಂಗೂರ ಹಾಕಿಸಿದೆವು. ತಮಟೆಯವನು ಬೀದಿ ಬೀದಿಯಲ್ಲಿ ನಿಂತು ಕೂಗಿದ: "ನಲ್ವತ್ತು ದಾಟಿ ಏನೂ ಕಾಯ್ಲೆ ಇಲ್ದೋರೆಲ್ಲ ಸಂತೆ ದಿನ ಆಸ್ಪತ್ರೆಗೆ ಬರ್ಬೇಕಂತ್ರಪ್ಪೋ!"

ಮೊದಲ ವಾರ ಒಬ್ಬರೂ ಬರಲಿಲ್ಲ. ಎರಡನೆಯ ವಾರ ಸಂತೆಗೆ ಬಂದಿದ್ದ ಮುದುಕನೊಬ್ಬ ಬಾಗಿಲಲ್ಲಿ ಇಣುಕಿದ. ಡಾಕ್ಟರು ಎದ್ದು ನಿಂತು ಸ್ವಾಗತಿಸಿದರು.

"ಬುದ್ಧಿ, ನಂಗೆ ಕೆಮ್ಮದೆ, ಸೊಂಟ ಇಡ್ಕಂಡದೆ, ಕಣ್ಣೂ ಮಂಜು. ನಾನು ಇವತ್ತು ಬರಂಗಿಲ್ವಾ?" ಎಂದ.

ಕಾಯಿಲೆ ಇಲ್ಲದವರು ಊರಲ್ಲಿ ಇರಲಿಲ್ಲವೆಂದಲ್ಲ. ಇದ್ದರು. ಒಬ್ಬ ಗಟ್ಟಿಮುಟ್ಟಾದ ರೈತನನ್ನು ನಾನೇ ದಾರಿಯಲ್ಲಿ ತಡೆದು, "ನೀನು ಚೆನ್ನಾಗಿದ್ದೀಯಲ್ಲ, ಬಾರಯ್ಯ" ಎಂದೆ. ಅವನು ಥೂ ಥೂ ಎಂದು ಮೂರು ಸಲ ಉಗಿದು, ಮನೆಗೆ ಓಡಿಹೋಗಿ ದೃಷ್ಟಿ ತೆಗೆಸಿಕೊಂಡ.

ಯಜಮಾನರ ಬಾಟ್ಲಿ

ಹರವೆ ಕಡೆಯ ಯಜಮಾನರೊಬ್ಬರಿದ್ದರು. ದೊಡ್ಡ ಮನೆ, ದೊಡ್ಡ ಹೊಟ್ಟೆ, ಸಂಬಂಧಿಕರ ಮದುವೆಯಲ್ಲಿ ಹನ್ನೆರಡು ಒಬ್ಬಟ್ಟು ತಿಂದರೆಂದು ಹೆಸರು. ಬಾಯಾರಿಕೆ ಬಹಳ, ಗಳಿಗೆಗೊಂದು ಸಲ ಎದ್ದು ಹೋಗಬೇಕು, ಕಾಲು ಜೋಮು ಎಂದು ಹೇಳಿಕಳಿಸಿದರು. ಡಾಕ್ಟರು, "ಮೂತ್ರ ತಂದುಕೊಡಲಿ" ಎಂದರು.

ಬಾಟ್ಲಿ ಬಂತು. ಬಿಳಿ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ವೀಳ್ಯದೆಲೆ ಇಟ್ಟು, ತಟ್ಟೆಯ ಮೇಲೆ ಕಳಿಸಿದ್ದರು. ನೀಲಿ ದ್ರಾವಣಕ್ಕೆ ನಾಲ್ಕು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದೆ. ಸಕ್ಕರೆ ಇದ್ದರೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಬೇಕು. ನೀಲಿ ನೀಲಿಯಾಗಿಯೇ ಉಳಿಯಿತು. ಡಾಕ್ಟರು ನಂಬಲಾರದೆ ಇನ್ನೊಂದು ಸಲ ಕಾಯಿಸಿದರು. ಆಗಲೂ ನೀಲಿ. ಚೀಟಿ ಬರೆದು ಕಳಿಸಿದೆವು. ಆ ಚೀಟಿಯನ್ನು ಯಜಮಾನರು ಜಗುಲಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ತೋರಿಸಿದರಂತೆ. ಆ ವರ್ಷದ ಯುಗಾದಿಗೆ ಒಬ್ಬಟ್ಟು ಹದಿನಾಲ್ಕಾಯಿತಂತೆ.

ಎಂಟು ತಿಂಗಳಾದ ಮೇಲೆ ಅವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಬಲಗಾಲಿನ ಹೆಬ್ಬೆರಳು ಇದ್ದಿಲಿನಂತೆ ಕಪ್ಪಾಗಿತ್ತು. ವಾಸನೆ ನಮ್ಮ ಬೇವಿನ ಮರದವರೆಗೂ ಬರುತ್ತಿತ್ತು.

"ನಿಮ್ಮ ಮೂತ್ರ ಚೆನ್ನಾಗಿತ್ತಲ್ಲ ಯಜಮಾನರೇ?" ಎಂದರು ಡಾಕ್ಟರು.

ಯಜಮಾನರು ಗೋಡೆ ಕಡೆ ತಿರುಗಿ, "ಅದು ನಂದಲ್ಲ. ನಮ್ಮಂಥೋರು ಅದ್ನೆಲ್ಲ ಬಾಟ್ಲೀಲಿ ತುಂಬ್ಸಿ ಕಳ್ಸೋದಾ? ಗಾಡಿ ವಡಿಯೋನ್ಗೆ ಏಳ್ದೆ, ಅವ್ನು ತುಂಬ್ಸ್ಕೊಟ್ಟ" ಎಂದರು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನವರೆಗೆ ಕತ್ತರಿಸಿ ತೆಗೆದರು. ಅವತ್ತು ಅವರನ್ನು ಮೈಸೂರಿಗೆ ಕಳಿಸುವಾಗ ಗಾಡಿ ಹೊಡೆಯುವವನು ನನ್ನನ್ನು ಮರದ ಹಿಂದಕ್ಕೆ ಕರೆದ. ಅವನ ಕಣ್ಣಲ್ಲಿ ನೀರಿತ್ತು.

"ಅಂಗಾದ್ರೆ ಬುದ್ಧಿ, ನಂದು ಚೆನ್ನಾಗದೆ ಅಂತಾಯ್ತು?"

"ಹೂಂ ಕಣಯ್ಯಾ, ಬಹಳ ಚೆನ್ನಾಗಿದೆ."

ಅವನು ಕಣ್ಣೊರೆಸಿಕೊಂಡ. "ಮೂವತ್ತೊರ್ಷ್ದಿಂದ ಆ ಮನೇಲಿ ದುಡೀತಿವ್ನಿ. ನಂದೂ ಒಂದು ಚೆನ್ನಾಗದೆ ಅಂದೋರು ನೀವೇ ಮೊದ್ಲು."

ಹೊಗೆಸೊಪ್ಪು

ಮಜ್ಜಿಗೆ ಮಾರುವ ಅಜ್ಜಿಯ ಕೆನ್ನೆಯ ಒಳಗೆ ಬಿಳಿಯ ಮಚ್ಚೆಯೊಂದು ಕಾಣಿಸಿತು. ಅವಳೇನೂ ತೋರಿಸಲು ಬಂದಿರಲಿಲ್ಲ. ಮಜ್ಜಿಗೆ ಕೊಡಲು ಬಂದು ನಕ್ಕಾಗ ಡಾಕ್ಟರು ನೋಡಿಬಿಟ್ಟರು.

"ಹೊಗೆಸೊಪ್ಪು ಬಿಡಬೇಕು ಕಣಮ್ಮಾ. ಈಗ ಬಿಟ್ಟರೆ ಉಳೀತೀಯ. ಬಿಡದೇ ಇದ್ದರೆ ಇದು ಹುಣ್ಣಾಗುತ್ತೆ, ಆಮೇಲೆ ಅನ್ನ ನುಂಗೋಕೂ ಆಗಲ್ಲ."

"ನನ್ ಗಂಡ ಒಂದಿನ ಒಗೆಸೊಪ್ಪು ಮುಟ್ನಿಲ್ಲ ಕಣಪ್ಪ, ಮೂವತ್ತಕ್ಕೇ ಒಂಟೋದ," ಎಂದಳು ಅಜ್ಜಿ.

ಡಾಕ್ಟರು ಬಿಡಲಿಲ್ಲ. ಅದೇ ಹುಣ್ಣಿನಿಂದ ನರಳುತ್ತ ಮಲಗಿದ್ದ ಇನ್ನೊಬ್ಬ ಹೆಂಗಸಿನ ಹತ್ತಿರ ಅವಳನ್ನು ಕರೆದುಕೊಂಡು ಹೋಗಿ ಸುಮ್ಮನೆ ನಿಲ್ಲಿಸಿದರು. ಅಜ್ಜಿ ಹೊರಗೆ ಬಂದು, ಸೊಂಟದಲ್ಲಿದ್ದ ಎಲೆಚೀಲ ಬಿಚ್ಚಿ ನಮ್ಮ ಕಸದ ಬುಟ್ಟಿಗೆ ಹಾಕಿ ಹೋದಳು. ಅಷ್ಟು ಗಟ್ಟಿ ಮನಸ್ಸಿನವರನ್ನು ನಾನು ಮತ್ತೆ ನೋಡಲಿಲ್ಲ.

ಇಪ್ಪತ್ತು ದಿನಕ್ಕೆ ಅವಳ ಸೊಸೆ ಬಂದಳು. ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡಿದ್ದಳು. ತೆಗೆದರೆ ಒಂದು ಹಿಡಿ ಹೊಗೆಸೊಪ್ಪು.

"ಸ್ವಾಮಿ, ನಿಮ್ ಕೈಯಾರೆ ಇದ್ನ ನಮ್ಮತ್ತೆಗೆ ಕೊಟ್ಬುಡಿ, ನಿಮ್ ಕಾಲಿಗ್ ಬೀಳ್ತೀನಿ. ಇದ್ನ ಬುಟ್ಟಾಗ್ನಿಂದ ಮನೇಲಿ ಒಂದ್ ಕ್ಷಣ ಬಾಯ್ ಮುಚ್ತಿಲ್ಲ. ಮೊದ್ಲಾದ್ರೆ ಬಾಯಿ ತುಂಬಿರೋದು, ಬಯ್ಯಕ್ಕಾಗ್ತಿರ್ನಿಲ್ಲ!"

ಡಾಕ್ಟರು ಕೊಡಲಿಲ್ಲ. ಮಚ್ಚೆ ಮೆಲ್ಲಗೆ ಮಾಯವಾಯಿತು, ಅಜ್ಜಿ ಉಳಿದಳು. ಸೊಸೆ ತವರಿಗೆ ಹೋದಳು.

ನಮ್ಮಣ್ಣ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಮ್ಮಣ್ಣ ಚಾಮರಾಜನಗರದಲ್ಲಿ ಕಾಫಿ ಹೋಟ್ಲು ಇಟ್ಟಿದ್ದ. ಅಪ್ಪ ಇಲ್ಲದ ನನ್ನನ್ನು ಓದಿಸಿದವನು ಅವನೇ. ನಲವತ್ತೆಂಟು ವಯಸ್ಸು, ಕೆಂಪು ಮುಖ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ನನಗೆ ಅನುಮಾನ. ತೋರಿಸು ಎಂದರೆ, "ಸುಮ್ಕಿರೋ ಹಾವ್ನ ಹುತ್ತಕ್ಕೆ ಕೈ ಆಕಿ ಎಬ್ಬುಸ್ತಾರೇನ್ಲಾ?" ಎನ್ನುತ್ತಿದ್ದ.

ಒಂದು ಭಾನುವಾರ ಡಾಕ್ಟರನ್ನು ಕೇಳಿ ಯಂತ್ರವನ್ನೇ ತೆಗೆದುಕೊಂಡು ಬಸ್ಸು ಹತ್ತಿದೆ. ಅಣ್ಣ ನನ್ನನ್ನು ನೋಡಿದವನೇ ಹೋಟ್ಲಿನಲ್ಲಿ ಕೂತಿದ್ದವರಿಗೆಲ್ಲ ಕೂಗಿ ಹೇಳಿದ: "ನನ್ ತಮ್ಮ ಬಂದವ್ನೆ ಕಣ್ರಪ್ಪ, ಮಿಷಿನ್ ತಂದವ್ನೆ! ಬನ್ನಿ ಬನ್ನಿ, ಎಲ್ರೂ ಕೈ ಕೊಡಿ!"

"ಅಣ್ಣಯ್ಯ, ನಾನು ನಿನಗೋಸ್ಕರ ಬಂದಿದ್ದು."

"ಗಿರಾಕಿಗಳು ಮೊದ್ಲು ಕಣ್ಲಾ, ಮನೆಯೋರು ಆಮೇಲೆ."

ಒಬ್ಬೊಬ್ಬರ ತೋಳಿಗೂ ಯಂತ್ರದ ಪಟ್ಟಿ ಸುತ್ತಿದೆ. ಉಡಿಗಾಲದಿಂದ ಕಡಲೆಕಾಯಿ ತಂದವರು, ಬಸ್ಸಿನ ಡ್ರೈವರು, ಕಾಫಿಗೆ ಬಂದಿದ್ದ ಮೇಷ್ಟರು. ಅಣ್ಣ ಹೆಮ್ಮೆಯಿಂದ ಒಬ್ಬರಾದ ಮೇಲೆ ಒಬ್ಬರನ್ನು ಕರೆಕರೆದು ಕೂರಿಸಿದ. ಕೊನೆಗೆ ಅವನ ಸರದಿ ಬಂತು ಅನ್ನುವಾಗ ಗಡಿಯಾರ ನೋಡಿ, "ಬಸ್ಸಿನ ಒತ್ತಾಯ್ತು, ಓಡ್ಲಾ. ಮುಂದಿನ್ ಸಲ ನೋಡನ ಬುಡು" ಎಂದು ನನ್ನ ಕೈಗೆ ಮೈಸೂರುಪಾಕಿನ ಪೊಟ್ಟಣ ತುರುಕಿದ.

ಮುಂದಿನ ಸಲ ನಾನು ಹೋದದ್ದು ಅವನ ಮಣ್ಣಿಗೆ. ಬೆಳಿಗ್ಗೆ ಒಲೆ ಹಚ್ಚಲು ಬಗ್ಗಿದವನು ಏಳಲೇ ಇಲ್ಲ.

ಹನ್ನೊಂದನೆಯ ದಿನದ ಶಿವಗಣಾರಾಧನೆಯಲ್ಲಿ ನಮ್ಮ ಸೋದರಮಾವ ಪಂಕ್ತಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೊಗಳಿದ: "ಪುಣ್ಯಾತ್ಮ ಕಣ್ರಪ್ಪ ನಮ್ಮುಡ್ಗ! ಒಂದಿನ ಆಸ್ಪತ್ರೆ ಮೆಟ್ಲು ಅತ್ನಿಲ್ಲ, ಒಂದು ಮಾತ್ರೆ ನುಂಗ್ನಿಲ್ಲ. ಎಷ್ಟು ಆರೋಗ್ಯವಾಗಿ ಸತ್ತ!"

ಬಡಿಸುತ್ತಿದ್ದ ನಾನು ಪಾಯಸದ ಪಾತ್ರೆ ಕೆಳಗಿಟ್ಟು ಹಿತ್ತಿಲಿಗೆ ಹೋದೆ. ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ.

ಡಾಕ್ಟರ ಸರದಿ

ಅಣ್ಣ ಹೋದ ಮೇಲೆ ನನಗೊಂದು ವಿಷಯ ಹೊಳೆಯಿತು. ಅರ್ಧ ತಾಲ್ಲೂಕಿನ ತೋಳಿಗೆ ಪಟ್ಟಿ ಸುತ್ತಿದ್ದ ನಾನು ನಮ್ಮ ಡಾಕ್ಟರ ತೋಳಿಗೆ ಒಂದು ದಿನವೂ ಸುತ್ತಿರಲಿಲ್ಲ. ಅವರೋ ಸರಿಯಾಗಿ ಉಂಡವರಲ್ಲ, ಮಲಗಿದವರಲ್ಲ. ಒಂದರ ಹಿಂದೊಂದು ಸಿಗರೇಟು.

"ನಿಮ್ಮದೂ ಒಂದು ಸಲ ನೋಡೋಣ ಸಾರ್."

"ನನ್ನದಕ್ಕೇನ್ರೀ? ನಾನೇ ಡಾಕ್ಟರು!"

ಆರು ತಿಂಗಳೂ ಆಗಿರಲಿಲ್ಲ. ಒಂದು ಸಂತೆಯ ಮಧ್ಯಾಹ್ನ ಎಂದಿನಂತೆ ಯಾರೂ ಇರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದು ಉಪ್ಪು ಕಡಿಮೆ ತಿನ್ನಬೇಕೆಂದು ಹೇಳುತ್ತಿದ್ದವರು, ಮಾತು ತೊದಲಿ, ಒಂದು ಕಡೆಗೆ ವಾಲಿ ಕುರ್ಚಿಯಿಂದ ಜಾರಿದರು. ಎಡಗೈ, ಎಡಗಾಲು ಬಿದ್ದುಹೋಗಿತ್ತು. ಅವತ್ತು ಮೊದಲನೆಯ ಸಲ ಅವರ ತೋಳಿಗೆ ಪಟ್ಟಿ ಸುತ್ತಿದೆ. ಪಾದರಸ ಏರಿದ್ದನ್ನು ನೋಡಿ ರಸ್ತೆಗೆ ಓಡಿ ಒಂದು ಲಾರಿ ತಡೆದೆ. ಲಾರಿಯಲ್ಲಿ ಮಲಗಿಸಿ ಮೈಸೂರಿಗೆ ಕರೆದುಕೊಂಡು ಹೋದೆವು.

ಮೂರು ತಿಂಗಳಾದ ಮೇಲೆ ಕೋಲೂರಿಕೊಂಡು ಬಂದರು, ಸಾಮಾನು ತೆಗೆದುಕೊಂಡು ಹೋಗಲು. ಅವತ್ತೂ ಸಂತೆ. ಆಸ್ಪತ್ರೆಯ ಬಾಗಿಲಿನಿಂದ ರಸ್ತೆಯವರೆಗೆ ಜನ ನಿಂತಿದ್ದರು. ಡಾಕ್ಟರು ಗಾಬರಿಯಾಗಿ ನನ್ನ ಭುಜ ಹಿಡಿದರು.

"ಯಾರ್ರೀ ಸತ್ತಿದ್ದು?"

"ಯಾರೂ ಇಲ್ಲ ಸಾರ್. ಎಲ್ಲ ಚೆನ್ನಾಗಿರೋರೇ. ತಪಾಸಣೆಗೆ ಬಂದಿದ್ದಾರೆ. ಹೊಸ ಡಾಕ್ಟರು ಇನ್ನೂ ಬಂದಿಲ್ಲ, ನಾನೊಬ್ಬನೇ ನೋಡ್ತಿದ್ದೀನಿ. ನೀವು ಬಿದ್ದ ಮುಂದಿನ ವಾರದಿಂದ ಹೀಗೇ."

ಅವರು ನಂಬಲಿಲ್ಲ. ಸಾಲಿನ ಮುಂದಿದ್ದ ಗೌಡರು ತಲೆಯ ಮೇಲಿನ ವಸ್ತ್ರ ತೆಗೆದು ಕೈಮುಗಿದರು. "ತಪ್ಪು ತಿಳ್ಕಬ್ಯಾಡಿ ಸ್ವಾಮಿ. ನೀವು ಬಾಯಲ್ಲಿ ಏಳ್ದಾಗ ಸುಳ್ಳು ಅನ್ಕಂಡಿದ್ವಿ. ಡಾಕ್ಟ್ರನ್ನೇ ಬುಡ್ನಿಲ್ಲ ಅಂದ್ಮೇಲೆ ಆ ಒತ್ತಡದ ಕಾಯ್ಲೆ ನಿಜ್ವಾಗ್ಲೂ ಇರ್ಬೇಕು ಅಂತ ಬಂದೋ."

ಡಾಕ್ಟರು ಆ ಸಾಲನ್ನು ತುದಿಯಿಂದ ತುದಿಯವರೆಗೆ ನೋಡಿದರು. ಕಣ್ಣು ತುಂಬಿ ಬಂದಿತ್ತು. ಆಮೇಲೆ ನೆಟ್ಟಗಿದ್ದ ಅರ್ಧ ಬಾಯಿಯಲ್ಲಿ ನಕ್ಕು, ತೊದಲುತ್ತ ನನಗೆ ಹೇಳಿದರು:

"ಇಷ್ಟೇ ಸಾಕು ಅಂತ ಮೊದಲೇ ಹೇಳಬಾರದಾಗಿತ್ತೇನ್ರೀ? ಬಂದ ವರ್ಷವೇ ಬಿದ್ದುಬಿಡ್ತಿದ್ದೆ!"